ಅಟ್ಟದಿಂದ ಇಳಿದ ಹುಕ್ಕಾಗೆ ಬೆಲೆ ಕಟ್ಟುವವರು ಯಾರು?

ಪ್ರಶ್ನೆ: ನಾವು ಬೀದರಿನ ಹಳೆಯ ಊರಿನೊಳಗೆ ಇರುವವರು. ಶಿಥಿಲವಾದ ಮನೆಯ ಮುಂಭಾಗವನ್ನು ಕೆಡವಿ ಕಟ್ಟಿಸಲು ಹೊರಟಾಗ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆವು. ಅದರಲ್ಲಿ ಬಿದರಿ ಕೆಲಸದ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ) ಹುಕ್ಕಾದ ಬುಡ, ಅಂಗೈ ಅಗಲದ ಲೋಹದ ವೀರಭದ್ರನ ಫಲಕ, ಕಟ್ಟು ಹಾಕಿಸಿದ ರವಿವರ್ಮನ ಲಕ್ಷ್ಮಿಯ ಚಿತ್ರ, ಮೋಡಿ (ಮರಾಠಿಯ ಹಳೆಯ ಕೂಡುಬರಹ) ಮತ್ತು ಪಾರ್ಸಿ ಅಕ್ಷರಗಳ ಕಾಗದಗಳ ಒಂದು ಗಂಟು ಇವೆ. ನಮ್ಮ ಯಜಮಾನರ ಮುತ್ತಜ್ಜ ನಿಜಾಮರ ಕಾಲದಲ್ಲಿ ತಹಶೀಲ್ ಕಚೇರಿಯಲ್ಲಿದ್ದರಂತೆ. ಹೈದರಾಬಾದಿನಿಂದ ಬಂದ ವ್ಯಾಪಾರಿಯೊಬ್ಬರು ಹುಕ್ಕಾ ಒಂದಕ್ಕೇ 12,000 ರೂಪಾಯಿ ಕೊಡುತ್ತೇನೆ, ಮುಂದಿನ ವಾರ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ. ಅಮೆರಿಕದಲ್ಲಿರುವ ಮೈದುನನ ಮಗ, ಇಂಥದೇ ಹುಕ್ಕಾ ಲಂಡನ್ನಿನ ಹರಾಜಿನಲ್ಲಿ ಹಲವು ಲಕ್ಷಕ್ಕೆ ಹೋಗಿದೆ, ದೀಪಾವಳಿಗೆ ಬಂದಾಗ ನಾನೇ ಒಯ್ಯುತ್ತೇನೆ ಎನ್ನುತ್ತಾನೆ. ಇನ್ನೊಬ್ಬರು ದೊಡ್ಡ ಹರಾಜು ಸಂಸ್ಥೆಯ ಏಜೆಂಟ್ ಎಂದು ಫೋನ್ ಮಾಡಿ, 8,500 ರೂಪಾಯಿ ನೋಂದಣಿ ಶುಲ್ಕ ಕಳಿಸಿದರೆ ಬೆಲೆಯ ಪ್ರಮಾಣಪತ್ರ ಕೊಡಿಸುತ್ತೇನೆ ಎಂದರು. ನಿಜವಾದ ಬೆಲೆ ಯಾರು ಹೇಳುತ್ತಾರೆ? ಸರ್ಕಾರಕ್ಕೆ ತಿಳಿದರೆ ಕಿತ್ತುಕೊಳ್ಳುತ್ತಾರೆಯೇ? ಹುಕ್ಕಾ ಬೂದುಬಣ್ಣಕ್ಕೆ ತಿರುಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಫೋಟೊ ತೆಗೆಯಲೇ?
— ನಿವೃತ್ತ ಶಿಕ್ಷಕಿ, ಬೀದರ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ವಿಷಯಗಳಿಗೆ ಸಮಯವಿದೆ, ಇದಕ್ಕಿಲ್ಲ. ದಯವಿಟ್ಟು ಹುಕ್ಕಾಗೆ ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ ಯಾವುದನ್ನೂ ಹಚ್ಚಬೇಡಿ. ಹಿತ್ತಾಳೆಯ ಕೊಡಕ್ಕೆ ಒಗ್ಗುವ ಹುಳಿ ಬಿದರಿಗೆ ಒಗ್ಗುವುದಿಲ್ಲ. ಬಿದರಿಯ ಮೈ ಬಹುಪಾಲು ಸತುವು. ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಸತುವನ್ನು ಹುಳಿ ತಿನ್ನುತ್ತದೆ. ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ, ಆ ದ್ರವವನ್ನು ಹಚ್ಚಿ ತರಿಸಿದ ಕಪ್ಪು ಮೇಲ್ಮೈಯ ತೆಳು ಪದರವೇ ಹೊರತು ಒಳಗಿನವರೆಗೆ ಇಳಿದ ಬಣ್ಣವಲ್ಲ. ನೂರಾರು ವರ್ಷ ಉಳಿದುಬಂದ ಆ ಪದರವನ್ನು ಹತ್ತು ನಿಮಿಷದ ತಿಕ್ಕುವಿಕೆ ಅಳಿಸಿಬಿಡುತ್ತದೆ. ಕಲಬುರಗಿಯ ಮನೆಯೊಂದರಲ್ಲಿ ಹೀಗೆ ತಿಕ್ಕಿದ ಬಿದರಿ ಹೂಜಿಯೊಂದನ್ನು ನಾನು ನೋಡಿದ್ದೇನೆ. ಹಬ್ಬಕ್ಕೆಂದು ಮನೆಯವರು ಪ್ರೀತಿಯಿಂದಲೇ ಬೆಳಗಿದ್ದರು. ಆದರೆ ಬೆಳ್ಳಿಗೂ ನೆಲಕ್ಕೂ ವ್ಯತ್ಯಾಸ ಕಾಣದಂತೆ ಇಡೀ ಹೂಜಿ ಒಂದೇ ಬೂದಿಯ ಬಣ್ಣಕ್ಕೆ ಬಂದಿತ್ತು, ಅಂಚಿನ ಬೆಳ್ಳಿಯ ಎಳೆಗಳು ಸಡಿಲಗೊಂಡಿದ್ದವು. ನೀವು ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಹಾಗೆಯೇ ಫೋಟೊ ತೆಗೆಯಿರಿ. ಬೂದುಬಣ್ಣ ಹುಕ್ಕಾದ ದೋಷವಲ್ಲ, ಅದು ವಯಸ್ಸಿನ ಗುರುತೂ ಆಗಿರಬಹುದು.

ಇನ್ನು ಬೆಲೆಯ ಮಾತು. ಒಬ್ಬರು 12,000 ಎನ್ನುತ್ತಾರೆ, ಒಬ್ಬರು ಲಕ್ಷಗಳೆನ್ನುತ್ತಾರೆ. ಇವರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂಬ ಅನುಮಾನ ನಿಮ್ಮ ಪತ್ರದ ಉದ್ದಕ್ಕೂ ಇದೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಜ ಹೇಳುತ್ತಿರಲು ಸಾಧ್ಯವಿದೆ. ಹಳೆಯ ವಸ್ತುವಿಗೆ ಬಂಗಾರದ ಹಾಗೆ ದಿನದ ದರವಿಲ್ಲ. ಕೊಂಡು ಮಾರುವವನ ಬೆಲೆ ಒಂದು, ಹರಾಜಿನಲ್ಲಿ ಬರಬಹುದಾದ ಬೆಲೆ ಒಂದು, ವಿಮೆ ಮಾಡಿಸಲು ಬರೆಯುವ ಬೆಲೆ ಇನ್ನೊಂದು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಹಿಡಿಯಬೇಕಾದ ಬೆಲೆ ಮತ್ತೊಂದು. ವಿಮೆಯ ಬೆಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿರುತ್ತದೆ, ಏಕೆಂದರೆ ವಸ್ತು ಕಳೆದರೆ ಅಂಥದೇ ಮತ್ತೊಂದನ್ನು ಅಂಗಡಿಯಿಂದ ಕೊಳ್ಳಲು ಎಷ್ಟು ಬೇಕು ಎಂಬುದರ ಲೆಕ್ಕ ಅದು. ಆದ್ದರಿಂದ ‘ಇದರ ಬೆಲೆ ಎಷ್ಟು’ ಎಂದು ಕೇಳುವ ಮುನ್ನ, ಬೆಲೆ ಯಾವ ಕೆಲಸಕ್ಕೆ ಬೇಕಾಗಿದೆ ಎಂಬುದನ್ನು ನಿಮ್ಮ ಮನೆಯಲ್ಲಿ ಕುಳಿತು ತೀರ್ಮಾನಿಸಿಕೊಳ್ಳಿ. ಮಾರಬೇಕೋ, ಪಾಲು ಹಂಚಬೇಕೋ, ಇಟ್ಟುಕೊಳ್ಳಬೇಕೋ ಎಂಬುದನ್ನು ನಿಮ್ಮ ಪತ್ರ ಹೇಳುವುದಿಲ್ಲ.

ಹರಾಜು ಸಂಸ್ಥೆ ಹೇಳುವ ಅಂದಾಜು ಏನೆಂಬುದನ್ನು ನಮ್ಮ ಕಡೆಯವರಿಗೆ ತಿಳಿಸಿ ಹೇಳುವುದು ಸುಲಭ. ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿಯ ಸವಾಲು (ಹರಾಜು) ನೋಡಿದವರಿಗೆ ಗೊತ್ತು, ಅಡತಿಯವರು ಚೀಲದೊಳಗೆ ಕೈ ಹಾಕಿ ಕಾಳು ನೋಡಿ ಇಷ್ಟರಿಂದ ಇಷ್ಟರವರೆಗೆ ಹೋಗಬಹುದು ಎಂದು ಮನಸ್ಸಿನಲ್ಲೇ ಅಳೆಯುತ್ತಾರೆ. ಆದರೆ ಕೊನೆಯ ದರ ಅಂದು ಅಂಗಳಕ್ಕೆ ಎಷ್ಟು ಜನ ಖರೀದಿದಾರರು ಬಂದಿದ್ದಾರೆ, ಅವರಿಗೆ ಎಷ್ಟು ತುರ್ತಿದೆ ಎಂಬುದರ ಮೇಲೆ ನಿಲ್ಲುತ್ತದೆ. ಕಲಾಕೃತಿಯ ಹರಾಜಿನಲ್ಲೂ ಅಂದಾಜು ಎಂದರೆ ಕೆಳಗಿನ ಮತ್ತು ಮೇಲಿನ ಎರಡು ಅಂಕಿಗಳು. ‘ನಮ್ಮ ಸಭಾಂಗಣದಲ್ಲಿ, ನಮ್ಮ ಗಿರಾಕಿಗಳ ಎದುರು, ಈಗಿನ ದಿನಗಳಲ್ಲಿ ಇದು ಈ ಎರಡರ ನಡುವೆ ಹೋಗಬಹುದು’ ಎಂಬ ಅಭಿಪ್ರಾಯವಷ್ಟೇ ಅದು; ವಸ್ತುವಿನ ಬೆಲೆಗೆ ಯಾರೂ ಹಾಕಿದ ಮುದ್ರೆಯಲ್ಲ, ಅಷ್ಟು ಹಣ ಕೊಡುವ ಭರವಸೆಯೂ ಅಲ್ಲ. ಮಾರಾಟಕ್ಕೆ ಒಪ್ಪಿಸುವ ಉದ್ದೇಶವಿರುವವರಿಗೆ ಕ್ರಿಸ್ಟೀಸ್, ಸೋದಬೀಸ್‌ನಂಥ ದೊಡ್ಡ ಸಂಸ್ಥೆಗಳು ಫೋಟೊ ನೋಡಿ ಈ ಪ್ರಾಥಮಿಕ ಅಂದಾಜನ್ನು ಉಚಿತವಾಗಿಯೇ ಕೊಡುತ್ತವೆ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅದು ಬದಲಾಗಬಹುದು ಎಂಬ ಷರತ್ತು ಅದರೊಂದಿಗೆ ಯಾವಾಗಲೂ ಇರುತ್ತದೆ. ಕೋರ್ಟಿಗೆ, ತೆರಿಗೆಗೆ, ಪಾಲಿಗೆ ಬೇಕಾದ ಸಹಿ ಮಾಡಿದ ಮೌಲ್ಯಮಾಪನ ವರದಿ ಬೇರೆಯದೇ ಕೆಲಸ, ಅದಕ್ಕೆ ಶುಲ್ಕವಿದೆ.

ಇದರಿಂದಲೇ ನಿಮಗೆ ಫೋನ್ ಮಾಡಿದ ‘ಏಜೆಂಟ್’ ವಿಷಯ ಮುಗಿಯುತ್ತದೆ. ಅಂದಾಜು ಹೇಳುವ ಮೊದಲೇ ನೋಂದಣಿ ಶುಲ್ಕ ಕೇಳುವವರು ನಿಮ್ಮ ಹುಕ್ಕಾವನ್ನು ಮಾರಲು ಬಂದವರಲ್ಲ, ಅವರಿಗೆ ಬೇಕಿರುವುದು ಆ 8,500 ರೂಪಾಯಿ. ಅದನ್ನು ಕೊಟ್ಟರೆ ಮುಂದೆ ‘ಕಸ್ಟಮ್ಸ್ ತೆರವು’, ‘ಜಿಎಸ್‌ಟಿ ಠೇವಣಿ’ ಎಂದು ಒಂದರ ಹಿಂದೆ ಒಂದು ಬರುತ್ತವೆ. ಹಳೆಯ ನಾಣ್ಯ ಮತ್ತು ನೋಟುಗಳ ಹೆಸರಿನಲ್ಲಿ ಇದೇ ಆಟ ನಡೆದಾಗ, ತನ್ನ ಹೆಸರು ಹೇಳಿಕೊಂಡು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ನಮ್ಮ ಭಾಗದ ಜಿಲ್ಲೆಗಳಲ್ಲಿ ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ಚೊಂಬು, ಹನುಮಂತನ ಚಿತ್ರದ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ, ಇವಕ್ಕೆ ಭಾರಿ ಬೆಲೆ ಬರುತ್ತದೆ ಎಂಬ ಮಾತು ನಂಬಿ ಹೊಲ ಮಾರಿ ಹಣ ಕಳೆದುಕೊಂಡವರಿದ್ದಾರೆ. ಮರ್ಯಾದೆಗೆ ಅಂಜಿ ಅವರು ಯಾರಿಗೂ ಹೇಳುವುದಿಲ್ಲ, ಹಾಗಾಗಿ ಮುಂದಿನವರೂ ಮೋಸಹೋಗುತ್ತಾರೆ. ಆ ಕರೆಯ ಸಂಖ್ಯೆಯನ್ನು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ತಿಳಿಸಿ.

ಮೈದುನನ ಮಗನ ವಿಷಯದಲ್ಲಿ ನಾನು ಇನ್ನೂ ಖಚಿತವಾಗಿ ಹೇಳಬೇಕಾಗಿದೆ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು, ಆದರೆ ಸೂಟ್‌ಕೇಸಿನಲ್ಲಿ ಹುಕ್ಕಾ ಒಯ್ಯುವುದು ಜೈಲಿಗೆ ದಾರಿಯಾಗುವ ಕೆಲಸ. ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ 1972ರ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ಶಿಲ್ಪ, ಚಿತ್ರ, ಕುಶಲ ಕೆಲಸದ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳೂ ಪುರಾತನ ವಸ್ತುಗಳೆನಿಸುತ್ತವೆ, ಅವುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ, ಕಳಿಸಲು ಯತ್ನಿಸಿದರೂ, ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆ ಮತ್ತು ದಂಡ. ಇದು ಹರಾಜು ಸಂಸ್ಥೆಯ ದೊಡ್ಡ ಹೆಸರಿನಿಂದ ಬದಲಾಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಪ್ಪಿಸಿಕೊಂಡರೂ ಮುಂದೆ ಕಷ್ಟವೇ, ಏಕೆಂದರೆ ಇಂದು ಯಾವ ಮರ್ಯಾದಸ್ಥ ಸಂಸ್ಥೆಯೂ ವಸ್ತು ಭಾರತದಿಂದ ಯಾವಾಗ, ಹೇಗೆ ಹೊರಬಂತು ಎಂಬ ಕಾಗದ ಕೇಳದೆ ಒಪ್ಪಿಕೊಳ್ಳುವುದಿಲ್ಲ.

ಹಾಗಿದ್ದರೆ ಲಂಡನ್ನಿನಲ್ಲಿ ಬಿದರಿ ಹುಕ್ಕಾ ಮಾರಾಟವಾದದ್ದು ಹೇಗೆ ಎಂದು ನೀವು ಕೇಳಬಹುದು. ಅಂಥವು ಬಹುಮಟ್ಟಿಗೆ ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳ, ವ್ಯಾಪಾರಿಗಳ ಸಾಮಾನಿನೊಂದಿಗೆ ಹಡಗು ಹತ್ತಿದವು. 1851ರ ಲಂಡನ್ ಮಹಾ ಪ್ರದರ್ಶನದಲ್ಲೇ ಬಿದರಿ ಕೆಲಸ ಅಲ್ಲಿನವರ ಕಣ್ಣು ಸೆಳೆದಿತ್ತು. ಆ ವಸ್ತುಗಳನ್ನು ಇಂದು ನ್ಯೂಯಾರ್ಕಿನವರೂ ಕೊಳ್ಳಬಹುದು, ದೋಹಾದವರೂ ಕೊಳ್ಳಬಹುದು. ನಿಮ್ಮ ಅಟ್ಟದ ಹುಕ್ಕಾವನ್ನು ಭಾರತದೊಳಗೆ ಇಟ್ಟುಕೊಳ್ಳುವವರು ಮಾತ್ರ ಕೊಳ್ಳಬಲ್ಲರು. ಒಬ್ಬನೇ ಕುಶಲಕರ್ಮಿ ಮಾಡಿದ ಜೋಡಿ ವಸ್ತುಗಳಿದ್ದರೂ, ಒಂದು ಥೇಮ್ಸ್ ದಂಡೆಯಲ್ಲಿ ಇನ್ನೊಂದು ಬೀದರಿನಲ್ಲಿ ಇದ್ದರೆ ಅವುಗಳ ಬೆಲೆ ಬೇರೆ ಬೇರೆಯೇ. ಹೊರಗಿನ ಹರಾಜಿನ ಅಂಕಿಯನ್ನು ಡಾಲರಿನಿಂದ ರೂಪಾಯಿಗೆ ಗುಣಿಸಿ ನಮ್ಮ ವಸ್ತುವಿನ ಮೇಲೆ ಬರೆಯುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು, ಮನೆಗಳಲ್ಲಿ ಜಗಳ ಹುಟ್ಟಿಸುವ ತಪ್ಪೂ ಹೌದು. ಕ್ರಿಸ್ಟೀಸ್ 2013ರಲ್ಲಿ, ಸೋದಬೀಸ್ 2018ರಲ್ಲಿ ಮುಂಬೈನಲ್ಲಿ ಹರಾಜು ನಡೆಸಿದ್ದು ನಿಜ. ಅಲ್ಲಿ ಕೋಟಿಗಳ ಸುದ್ದಿ ಮಾಡಿದ್ದು ಆಧುನಿಕ ಚಿತ್ರಕಾರರ ಕೃತಿಗಳು. ನಿಮ್ಮಂಥವರ ವಸ್ತುಗಳಿಗೆ ದಾರಿ ಎಂದರೆ ಸ್ಯಾಫ್ರನ್‌ಆರ್ಟ್, ಪುಂಡೋಲೆ, ಆಸ್ಟಾಗುರು ಮೊದಲಾದ ದೇಶೀಯ ಸಂಸ್ಥೆಗಳು ನಡೆಸುವ ಹರಾಜು. ಅಲ್ಲಿ ಇಂಥ ವಸ್ತುಗಳ ಮುಂದೆ ‘ರಫ್ತು ಮಾಡುವಂತಿಲ್ಲ’ ಎಂದು ನಮೂದಿಸಿಯೇ ಮಾರುತ್ತಾರೆ.

ವಸ್ತು ನೂರು ವರ್ಷದ್ದಲ್ಲ, ಇತ್ತೀಚಿನದು ಎಂಬ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರ ಸಮಿತಿಗೆ ತೋರಿಸಿ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬಹುದು. ಅದು ಕೈಗೆ ಬರುವವರೆಗೆ ಮೈದುನನ ಮಗನ ಸಾಮಾನಿನಲ್ಲಿ ಹುಕ್ಕಾ ಇರಬಾರದು.

ಸರ್ಕಾರ ಕಿತ್ತುಕೊಳ್ಳುತ್ತದೆಯೇ ಎಂಬ ಅಂಜಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಈ ಅಂಜಿಕೆಯಿಂದಲೇ ಎಷ್ಟೋ ಒಳ್ಳೆಯ ವಸ್ತುಗಳು ಕತ್ತಲಲ್ಲಿ ಕೈ ಬದಲಾಯಿಸಿ ಗುಜರಿಯ ಬೆಲೆಗೆ ಹೋಗಿವೆ. ಮನೆತನದಿಂದ ಬಂದ ಪುರಾತನ ವಸ್ತುವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಕೆಲವು ಬಗೆಯವನ್ನು ಮಾತ್ರ ನೋಂದಾಯಿಸಬೇಕು: ಕಲ್ಲು, ಸುಟ್ಟಮಣ್ಣು, ಲೋಹ, ದಂತ, ಮೂಳೆಗಳ ಶಿಲ್ಪಗಳು, ಮರದ ಕೆತ್ತನೆಯ ವಿಗ್ರಹಗಳು, ಚಿತ್ರಗಳು, ಚಿತ್ರಗಳಿರುವ ಹಸ್ತಪ್ರತಿಗಳು. ಈ ಪಟ್ಟಿಯಂತೆ ನಿಮ್ಮ ವೀರಭದ್ರನ ಫಲಕ ನೂರು ವರ್ಷ ದಾಟಿದ್ದರೆ ನೋಂದಣಿಗೆ ಒಳಪಡುತ್ತದೆ. ಹೂಬಳ್ಳಿಯ ಅಲಂಕಾರವಿರುವ ಹುಕ್ಕಾ ಶಿಲ್ಪವಲ್ಲವಾದ್ದರಿಂದ ಒಳಪಡುವುದಿಲ್ಲ, ಆದರೆ ರಫ್ತಿನ ನಿಷೇಧ ಅದಕ್ಕೂ ಇದ್ದೇ ಇದೆ. ನೋಂದಣಿಯಾದರೆ ವಸ್ತು ನಿಮ್ಮದಾಗಿಯೇ ಉಳಿಯುತ್ತದೆ, ಕೈಗೆ ಪ್ರಮಾಣಪತ್ರ ಬರುತ್ತದೆ, ಮುಂದೆ ಯಾರಿಗಾದರೂ ಕೊಟ್ಟರೆ ತಿಳಿಸುವ ಹೊಣೆ ಇರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಕಾಪಾಡಬೇಕಾದಷ್ಟು ಮಹತ್ವದ ವಸ್ತುವನ್ನು ಪರಿಹಾರ ಕೊಟ್ಟು ಪಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಕಾಯ್ದೆಯಲ್ಲಿ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಯ ದೇವರ ಜಗಲಿಯ ಫಲಕವೊಂದಕ್ಕೆ ಅದನ್ನು ಬಳಸಿದ್ದನ್ನು ನನ್ನ ಕೆಲಸದ ಅವಧಿಯಲ್ಲಿ ನಾನು ಕಂಡಿಲ್ಲ. ನನ್ನ ಅನುಭವದಲ್ಲಿ ನೋಂದಣಿಯ ಪತ್ರ ಮಾಲೀಕರನ್ನು ಕಾಪಾಡಿದೆ, ಏಕೆಂದರೆ ‘ಇದು ಯಾವ ಗುಡಿಯಿಂದ ಬಂತು’ ಎಂದು ಪೊಲೀಸರು ಕೇಳಿದ ದಿನ ಬಾಯಿಮಾತು ಸಾಲುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. ನೀವು ಮನೆ ಕೆಡವಿಸುತ್ತಿದ್ದೀರಿ. ಅಟ್ಟದ ಪೆಟ್ಟಿಗೆ ನಿಧಿಯಲ್ಲ. ಪಾಯ ಅಗೆಯುವಾಗ ಮಣ್ಣಿನೊಳಗಿಂದ ನಾಣ್ಯದ ಮಡಕೆಯೋ ವಿಗ್ರಹವೋ ಸಿಕ್ಕರೆ ಅದು ನಿಧಿ, ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಬಹಮನಿಯರ ರಾಜಧಾನಿಯಾಗಿದ್ದ ಊರಿನಲ್ಲಿ ಪಾಯ ತೆಗೆಯುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ಹುಕ್ಕಾದ ಬಳಿಗೆ ಬರೋಣ, ನನಗೆ ನಿಮ್ಮ ಪೆಟ್ಟಿಗೆಯಲ್ಲಿ ಅತಿ ಆಸಕ್ತಿಯ ವಸ್ತು ಅದೇ. ನೋಡಬೇಕಾದ ಮೊದಲನೆಯ ಸಂಗತಿ ಆಕಾರ. ಕೊಡದಂತೆ ದುಂಡಗಿದ್ದು, ಕೆಳಗೆ ಸಿಂಬೆಯಿಲ್ಲದೆ ನೆಟ್ಟಗೆ ನಿಲ್ಲದಂತಿದ್ದರೆ ಅದು ಹಳೆಯ ಮಾದರಿ, ಹದಿನೇಳನೆಯ ಶತಮಾನದಿಂದ ಹದಿನೆಂಟರ ನಡುವಿನವರೆಗೆ ಹೆಚ್ಚಾಗಿ ಕಾಣುವುದು. ಗಂಟೆಯಂತೆ ಕೆಳಗೆ ಅಗಲವಾಗಿ ತಾನೇ ನಿಲ್ಲುವಂತಿದ್ದರೆ ಆಮೇಲಿನದು. ಇದು ಮೊದಲ ಅಳತೆ ಮಾತ್ರ, ಏಕೆಂದರೆ ಹಳೆಯ ಆಕಾರವನ್ನು ಮುಂದಿನವರೂ ಮಾಡಿದ್ದಾರೆ. ಎರಡನೆಯದು ಬೆಳ್ಳಿ ಕೂರಿಸಿದ ರೀತಿ. ತಂತಿಯನ್ನು ಗೆರೆಯೊಳಗೆ ಬಡಿದು ಕೂರಿಸಿದ ತಾರ್‌ಕಶಿ ಒಂದು, ಬೆಳ್ಳಿಯ ತಗಡನ್ನು ಆಳಕ್ಕೆ ಕೂರಿಸಿದ ತಹನಿಶಾನ್ ಒಂದು, ಮೈಯಿಂದ ಉಬ್ಬಿ ನಿಲ್ಲುವ ಜರ್‌ಬುಲಂದ್ ಒಂದು, ತಗಡಿನಲ್ಲಿ ಹೂವನ್ನು ಕತ್ತರಿಸಿ ತೆಗೆದು ಹೂವು ಕಪ್ಪಾಗಿ ಸುತ್ತಲೂ ಬೆಳ್ಳಿ ಕಾಣುವ ಅಫ್ತಾಬಿ ಮತ್ತೊಂದು. ಬೆಳ್ಳಿಯ ಜೊತೆ ಅಲ್ಲಲ್ಲಿ ಹಿತ್ತಾಳೆಯ ಹಳದಿಯೂ ಇದ್ದರೆ ಅದನ್ನು ಫೋಟೊದಲ್ಲಿ ತಪ್ಪದೆ ತೋರಿಸಿ. ಮೂರನೆಯದು ಸವೆತ. ನೂರಾರು ಸಲ ಕೈ ತಾಗಿದ ಕುತ್ತಿಗೆ, ನೆಲಕ್ಕೆ ತಾಗಿದ ಬುಡ, ಇವುಗಳಲ್ಲಿ ಬೆಳ್ಳಿ ಒಂದೇ ಹದದಲ್ಲಿ ತೆಳುವಾಗಿರುತ್ತದೆ. ಹಳೆಯದೆಂದು ತೋರಿಸಲು ಬೇಕೆಂದೇ ಕೆಡಿಸಿದ ವಸ್ತುವಿನಲ್ಲಿ ಸವೆತ ಕೈ ತಾಗದ ಜಾಗದಲ್ಲೂ ಇರುತ್ತದೆ. 

ಬೀದರಿನಲ್ಲಿ ಸಿಕ್ಕಿದ್ದು ಬೀದರಿನದೇ ಎಂದೂ ಹೇಳಲಾಗದು. ಈ ಕೆಲಸ ಇಲ್ಲಿಂದ ಹೆಸರು ಪಡೆದು ಲಖನೌ, ಬಿಹಾರದ ಪೂರ್ಣಿಯಾ, ಮುರ್ಷಿದಾಬಾದ್‌ಗಳವರೆಗೆ ಹರಡಿತ್ತು. ಲಖನೌದ ಕೆಲಸದಲ್ಲಿ ಮೀನಿನ ಚಿತ್ರ, ಉಬ್ಬು ಬೆಳ್ಳಿ ಹೆಚ್ಚು. 2006ರಲ್ಲಿ ಬಿದರಿಗೆ ದೊರೆತ ಭೌಗೋಳಿಕ ಗುರುತು (ಜಿಐ) ಇಂದು ಇಲ್ಲಿ ಮಾಡುವವರ ಕೆಲಸಕ್ಕೆ ಕಾವಲು; ಹಳೆಯ ವಸ್ತುವಿನ ಊರನ್ನೋ ಬೆಲೆಯನ್ನೋ ಅದು ಹೇಳುವುದಿಲ್ಲ. ಚೌಬಾರಾದ ಸುತ್ತಮುತ್ತಲಿನ ಹಿರಿಯ ಕುಶಲಕರ್ಮಿಗಳಿಗೆ ಒಮ್ಮೆ ತೋರಿಸಿ ಎಂದು ನಾನು ಹೇಳುತ್ತೇನೆ. ಎಲ್ಲಿ ದುರಸ್ತಿಯಾಗಿದೆ, ಎಲ್ಲಿ ಬೆಳ್ಳಿಯನ್ನು ಮತ್ತೆ ತುಂಬಿದ್ದಾರೆ, ಕಪ್ಪನ್ನು ಎರಡನೆಯ ಸಲ ಏರಿಸಿದ್ದಾರೆಯೇ ಎಂಬುದನ್ನು ಅವರ ಬೆರಳು ಹೇಳುವಷ್ಟು ಚೆನ್ನಾಗಿ ನಮ್ಮಂಥವರ ಭೂತಗನ್ನಡಿಯೂ ಹೇಳುವುದಿಲ್ಲ. ಆದರೆ ಬೆಲೆಯನ್ನು ಅವರನ್ನು ಕೇಳಬೇಡಿ. ಅವರಿಗೆ ಗೊತ್ತಿರುವುದು ಹೊಸ ಕೆಲಸದ ಕೂಲಿ ಮತ್ತು ಬೆಳ್ಳಿಯ ತೂಕ. ‘ಮತ್ತೆ ಕಪ್ಪು ಮಾಡಿ ಹೊಸದರಂತೆ ಕೊಡುತ್ತೇನೆ’ ಎಂದು ಅವರು ಪ್ರೀತಿಯಿಂದ ಹೇಳಿದರೂ, ಮಾರುವ ಆಲೋಚನೆ ಇರುವವರೆಗೆ ಬೇಡ ಎನ್ನಿ. ಸಾಧ್ಯವಾದರೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ಬಿದರಿ ವಿಭಾಗದಲ್ಲಿ ಒಂದು ತಾಸು ನಿಂತು ನೋಡಿ ಬನ್ನಿ. ನಿಮ್ಮ ಹುಕ್ಕಾದ ಫೋಟೊ ಕೈಯಲ್ಲಿರಲಿ. ಯಾವ ಅಂದಾಜಿಗಿಂತಲೂ ಹೆಚ್ಚು ತಿಳಿವಳಿಕೆ ಆ ಒಂದು ತಾಸಿನಲ್ಲಿ ಬರುತ್ತದೆ.

ಉಳಿದ ವಸ್ತುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಲಕ್ಷ್ಮಿಯ ಚಿತ್ರ ಬಹುಶಃ ಓಲಿಯೋಗ್ರಾಫ್, ಅಂದರೆ ತೈಲಚಿತ್ರದಂತೆ ಕಾಣುವ ಬಣ್ಣದ ಮುದ್ರಣ. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಮುದ್ರಣಾಲಯ ಆರಂಭಿಸಿದ್ದು, ಅದು ಮುಂದೆ ಲೋನಾವಳದ ಹತ್ತಿರದ ಮಳವಲಿಗೆ ಹೋದದ್ದು, ಅಲ್ಲಿಂದ ಈ ಚಿತ್ರಗಳು ದಕ್ಷಿಣದ ಮನೆಮನೆಯ ಗೋಡೆಗೆ ಬಂದದ್ದು ಎಲ್ಲರೂ ಬಲ್ಲ ಸಂಗತಿ. ಭೂತಗನ್ನಡಿಯಲ್ಲಿ ಚುಕ್ಕಿಗಳ ಕಣ ಕಂಡರೆ, ಕೆಳಗೆ ಮುದ್ರಣಾಲಯದ ಹೆಸರಿದ್ದರೆ ಅದು ಮುದ್ರಣ. ಕೈಯಿಂದ ಬರೆದ ರವಿವರ್ಮನ ಮೂಲ ಚಿತ್ರಗಳಿಗೆ ಬರುವ ಬೆಲೆಯೊಂದಿಗೆ ಇದನ್ನು ಹೋಲಿಸಬೇಡಿ; ಆದರೂ ಅಂಚು ಕತ್ತರಿಸದ, ಜರಿ ಹಚ್ಚಿ ಸಿಂಗರಿಸಿದ ಹಳೆಯ ಪ್ರತಿಗಳಿಗೆ ಸಂಗ್ರಾಹಕರಿದ್ದಾರೆ. ಹಳೆಯ ಕಟ್ಟನ್ನು ಬಿಚ್ಚಬೇಡಿ. ಮೋಡಿ ಮತ್ತು ಪಾರ್ಸಿ ಕಾಗದಗಳಿಗೆ ಹರಾಜಿನಲ್ಲಿ ಹೆಚ್ಚು ಹಣ ಬರುವುದು ಅಪರೂಪ, ಆದರೆ ಇಡೀ ಪೆಟ್ಟಿಗೆಯ ಬೆಲೆ ಆ ಗಂಟಿನಲ್ಲಿ ಅಡಗಿರಬಹುದು. ಹುಕ್ಕಾ ಯಾರಿಂದ ಬಂತು, ಯಾವಾಗ ಬಂತು ಎಂಬ ಒಂದು ಸಾಲು ಅದರಲ್ಲಿದ್ದರೆ, ಅದು ಹುಕ್ಕಾದ ಹುಟ್ಟಿನ ಪತ್ರವಿದ್ದಂತೆ. ಹರಾಜಿನವರ ಭಾಷೆಯಲ್ಲಿ ಇದಕ್ಕೆ ಪ್ರಾವೆನೆನ್ಸ್ ಎನ್ನುತ್ತಾರೆ, ನಮ್ಮ ಭಾಷೆಯಲ್ಲಿ ವಸ್ತುವಿನ ಪೂರ್ವಾಪರ. ಗಂಟನ್ನು ಬಿಡಿಬಿಡಿಯಾಗಿ ಮಾರಬೇಡಿ. ಪ್ಲಾಸ್ಟಿಕ್ ಹಾಳೆ ಹಾಕಿಸಬೇಡಿ. ಓದಬಲ್ಲವರಿಗೆ ಒಂದೊಂದನ್ನೂ ಫೋಟೊ ತೆಗೆದು ತೋರಿಸಿ.

ಮಾರುವುದೇ ಎಂದು ತೀರ್ಮಾನವಾದರೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ವ್ಯಾಪಾರಿಗೆ ಮಾರುವುದು ಅತಿ ವೇಗದ ದಾರಿ, ಹಣ ಅಂದೇ ಬರುತ್ತದೆ. ಅವರು ಹೇಳುವ ಬೆಲೆಯಲ್ಲಿ ಅವರ ಲಾಭ, ಮಾರಾಟವಾಗದೆ ಉಳಿಯುವ ಅಪಾಯ ಎರಡೂ ಸೇರಿರುವುದು ನ್ಯಾಯವೇ. ಅವರಿಗೆ ಪುರಾತನ ವಸ್ತುಗಳ ವ್ಯಾಪಾರದ ಪರವಾನಗಿ ಇದೆಯೇ ಎಂದು ಕೇಳಿ, ರಸೀದಿಯ ಮೇಲೆ ವಸ್ತುವಿನ ವಿವರ ಬರೆಸಿಕೊಳ್ಳಿ. ಇವೆರಡಕ್ಕೂ ತಡವರಿಸುವವರಿಗೆ ಕೊಡಬೇಡಿ, ಬೆಲೆ ಎಷ್ಟೇ ಇರಲಿ. ಹರಾಜಿನ ದಾರಿ ನಿಧಾನದ್ದು. ಒಪ್ಪಂದ, ಪಟ್ಟಿಯ ಮುದ್ರಣ, ಹರಾಜು, ಹಣ ಪಾವತಿ ಎಂದು ಹಲವು ತಿಂಗಳು ಹಿಡಿಯುತ್ತದೆ. ಲೆಕ್ಕವನ್ನು ಉದಾಹರಣೆಯಿಂದ ಹೇಳುತ್ತೇನೆ: ಹರಾಜಿನ ಸುತ್ತಿಗೆ 1,00,000 ರೂಪಾಯಿಗೆ ಬಿತ್ತು (ಕೊನೆಯ ಕೂಗು ಅಷ್ಟು), ಕೊಳ್ಳುವವರ ಪ್ರೀಮಿಯಂ (ಕೊಂಡವರು ಅದರ ಮೇಲೆ ಸಂಸ್ಥೆಗೆ ಕೊಡುವ ಶುಲ್ಕ) ನೂರಕ್ಕೆ 20, ಮಾರುವವರ ಕಮಿಷನ್ ನೂರಕ್ಕೆ 10 ಎಂದಿಟ್ಟುಕೊಳ್ಳಿ. ಕೊಂಡವರು ತೆರಿಗೆ ಬಿಟ್ಟು 1,20,000 ಕೊಡುತ್ತಾರೆ, ಪತ್ರಿಕೆಯಲ್ಲಿ ಆ ಅಂಕಿಯೇ ಬರುತ್ತದೆ. ನಿಮ್ಮ ಕೈಗೆ 90,000, ಅದರಲ್ಲೂ ಸಾಗಣೆ, ವಿಮೆ, ಛಾಯಾಚಿತ್ರದ ವೆಚ್ಚ ಹಿಡಿದರೆ ಇನ್ನೂ ಕಡಿಮೆ. ಈ ದರಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಮಾತಾಡಿ ಇಳಿಸಲೂ ಬರುತ್ತವೆ. ಇದಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಗುಟ್ಟಿನ ಕನಿಷ್ಠ ಬೆಲೆಯನ್ನು ಮೊದಲೇ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅದು ಕೆಳ ಅಂದಾಜನ್ನು ಮೀರುವುದಿಲ್ಲ. ಅದನ್ನು ಆಸೆಯಿಂದ ಏರಿಸಿದರೆ ವಸ್ತು ಮಾರಾಟವಾಗದೆ ಮರಳುತ್ತದೆ, ಒಮ್ಮೆ ಹಾಗೆ ಮರಳಿದ ವಸ್ತುವನ್ನು ಸಂಗ್ರಾಹಕರು ಕೆಲವು ವರ್ಷ ಅನುಮಾನದಿಂದಲೇ ನೋಡುತ್ತಾರೆ. ವಸ್ತುವಿನ ಬೆಲೆ ತಮ್ಮ ಮಟ್ಟಕ್ಕೆ ಬರುವುದಿಲ್ಲವೆಂದು ಸಂಸ್ಥೆ ನಯವಾಗಿ ಬೇಡವೆನ್ನಲೂಬಹುದು. ಅದರಿಂದ ನಿಮ್ಮ ಹುಕ್ಕಾ ಖೋಟಾ ಎಂದಾಗುವುದಿಲ್ಲ.

ಬೀದರಿನಿಂದ ಮುಂಬೈಗೆ ಕಳಿಸುವ ಪ್ರಸಂಗ ಬಂದರೆ ಸಾಮಾನ್ಯ ಕೊರಿಯರ್‌ನಲ್ಲಿ ಕಳಿಸಬೇಡಿ. ಬಿದರಿ ನೋಡಲು ಗಟ್ಟಿ, ಆದರೆ ಸತುವಿನ ಎರಕ ಬಿದ್ದರೆ ಮಣ್ಣಿನ ಕುಡಿಕೆಯಂತೆ ಸೀಳುತ್ತದೆ, ಆ ಸೀಳನ್ನು ಬೆಸೆಯುವುದು ಬಹಳ ಕಷ್ಟ.

ಮನೆಯೊಳಗಿನ ವಿಷಯಕ್ಕೆ ಕೈ ಹಾಕುವುದಕ್ಕೆ ಕ್ಷಮಿಸಿ. ಹುಕ್ಕಾ ಮುತ್ತಜ್ಜನದು ಎಂದರೆ ಅದು ನಿಮ್ಮ ಯಜಮಾನರೊಬ್ಬರದೇ ಆಗಿರಲಾರದು; ಮೈದುನರಿದ್ದಾರೆ, ನಾದಿನಿಯರೂ ಇರಬಹುದು. ಹರಾಜು ಸಂಸ್ಥೆ ‘ಈ ವಸ್ತುವಿನ ಮೇಲೆ ಪೂರ್ಣ ಹಕ್ಕು ನನಗಿದೆ’ ಎಂದು ಮಾರುವವರಿಂದ ಸಹಿ ಪಡೆಯುತ್ತದೆ, ಆಮೇಲೆ ಪಾಲಿನವರೊಬ್ಬರು ತಕರಾರು ತೆಗೆದರೆ ಹಣವೂ ನಿಲ್ಲುತ್ತದೆ, ನಂಟೂ ಕೆಡುತ್ತದೆ. ಎಲ್ಲ ಪಾಲುದಾರರ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದೇ ಮುಂದಿನ ಹೆಜ್ಜೆ ಇಡಿ. ಮಾರದೆ ಪಾಲಿನಲ್ಲಿ ಒಬ್ಬರಿಗೆ ಬಿಡುವುದಾದರೆ, ಆದಾಯ ತೆರಿಗೆ ಇಲಾಖೆಯಲ್ಲಿ ಕಲಾಕೃತಿಗಳ ವಿಭಾಗಕ್ಕೆ ನೋಂದಾಯಿತರಾದ ಮೌಲ್ಯಮಾಪಕರಿಂದ ವರದಿ ಮಾಡಿಸಿ, ಹರಾಜಿನ ಉಚಿತ ಅಂದಾಜನ್ನು ಪಾಲಿನ ಲೆಕ್ಕಕ್ಕೆ ಹಿಡಿಯಬೇಡಿ. ಮಾರಿದರೆ ಬರುವ ಲಾಭಕ್ಕೆ ತೆರಿಗೆ ಇದೆ. ತಲೆಮಾರಿನಿಂದ ಬಂದ ಕಲಾಕೃತಿಗೆ 2001ರ ಏಪ್ರಿಲ್ 1ರಂದು ಇದ್ದ ನ್ಯಾಯವಾದ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಲು ಅವಕಾಶವಿರುವುದರಿಂದ, ಆ ದಿನಾಂಕದ ಬೆಲೆಯನ್ನೂ ಅದೇ ವರದಿಯಲ್ಲಿ ಬರೆಸಿಕೊಂಡು ನಿಮ್ಮ ಲೆಕ್ಕಪರಿಶೋಧಕರಿಗೆ ಕೊಡಿ.

ಅಂದಾಜು ಕೇಳಲು ಕಳಿಸುವ ಫೋಟೊಗಳನ್ನು ಬೆಳಗಿನ ಹೊತ್ತು, ಕಿಟಕಿಯ ಹತ್ತಿರ, ಬಿಸಿಲು ನೇರವಾಗಿ ಬೀಳದ ಕಡೆ, ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ. ಫ್ಲಾಶ್ ಬೇಡ, ಬೆಳ್ಳಿ ಹೊಳೆದು ಕೆಲಸ ಕಾಣುವುದಿಲ್ಲ. ನಾಲ್ಕೂ ಬದಿ, ಬಾಯಿಯ ಒಳಗೆ, ಬುಡದ ಕೆಳಗೆ, ಬೆಳ್ಳಿ ಉದುರಿದ ಜಾಗ ಎಲ್ಲವೂ ಬೇಕು. ಎತ್ತರ, ಅಗಲ, ತೂಕ ಬರೆಯಿರಿ. ಒಡಕನ್ನು ಮುಚ್ಚಿಡಬೇಡಿ, ಅದು ಹೇಗೂ ಕಾಣುತ್ತದೆ, ಮುಚ್ಚಿಟ್ಟದ್ದೂ ಕಾಣುತ್ತದೆ. ಒಂದೇ ಸಂಸ್ಥೆಗಲ್ಲ, ಎರಡು ಮೂರು ಸಂಸ್ಥೆಗಳಿಗೆ ಕಳಿಸಿ, ಪ್ರತಿ ಸಂಸ್ಥೆಯ ವಿಳಾಸವನ್ನು ಅವರ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಖರ್ಚಿಲ್ಲ. ನಿಮ್ಮ ಅತ್ತೆಯವರ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಅವರೋ, ಆ ತಲೆಮಾರಿನ ಇನ್ನಾರೋ ಹಿರಿಯರು ಇದ್ದರೆ ಈ ವಾರವೇ ಹುಕ್ಕಾವನ್ನು ಅವರ ಮುಂದಿಟ್ಟು ಕುಳಿತುಕೊಳ್ಳಿ. ಇದನ್ನು ಯಾರು ಸೇದುತ್ತಿದ್ದರು, ಮನೆಗೆ ಹೇಗೆ ಬಂತು, ಇದರ ಸಿಂಬೆ ಎಲ್ಲಿ ಹೋಯಿತು, 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಈ ಪೆಟ್ಟಿಗೆ ಎಲ್ಲಿತ್ತು, ಅದನ್ನು ಅಟ್ಟಕ್ಕೆ ಏರಿಸಿದವರು ಯಾರು ಎಂದು ಕೇಳಿ. ಉತ್ತರಗಳನ್ನು ಅವರ ಮಾತಿನಲ್ಲೇ, ಉರ್ದು ಬೆರೆತಿದ್ದರೆ ಹಾಗೆಯೇ, ದಿನಾಂಕ ಹಾಕಿ ಬರೆದುಕೊಳ್ಳಿ, ಫೋನಿನಲ್ಲೂ ಧ್ವನಿ ಹಿಡಿದಿಡಿ. ಹಳೆಯ ಮದುವೆಯ ಫೋಟೊಗಳಲ್ಲಿ ಹಿಂದೆ ಎಲ್ಲಾದರೂ ಈ ಹುಕ್ಕಾ ಕಾಣುತ್ತದೆಯೇ ನೋಡಿ. ಮುಂದಿನ ವಾರ ವ್ಯಾಪಾರಿ ಬಂದರೆ ಚಹಾ ಕೊಟ್ಟು, ಮನೆಯವರೆಲ್ಲ ಇನ್ನೂ ಕೂತು ಮಾತಾಡಿಲ್ಲ ಎಂದು ಹೇಳಿ ಕಳಿಸಿ.